ಫೋನಿನಲ್ಲಿ ಕೇಳಿಸಿದ ಪಂಪು

ಚಿಕ್ಕಮಗಳೂರು, 6 ಏಪ್ರಿಲ್ 2025, ಭಾನುವಾರ

ರಾಮನವಮಿ. ಪಾನಕ ಮುಗಿಯಿತು, ಕೋಸಂಬರಿ ಇನ್ನೂ ಅರ್ಧ ಪಾತ್ರೆ ಇದೆ. ಮಧ್ಯಾಹ್ನ ಆಲ್ದೂರಿನಿಂದ ಭಾವನ ಫೋನು. ಹಬ್ಬದ ಮಾತು ಎರಡೇ ನಿಮಿಷ. ಆಮೇಲೆ "ಇರು, ಇದನ್ನ ಕೇಳು" ಅಂತ ಫೋನನ್ನೇ ತಮ್ಮ ಹವಳ ಸಾಕುವ ಉಪ್ಪುನೀರಿನ ಗಾಜಿನ ತೊಟ್ಟಿಯ ಕೆಳಗಿನ ಕ್ಯಾಬಿನೆಟ್ಟಿನೊಳಗೆ, ಪಂಪಿನ ಹತ್ತಿರ ಹಿಡಿದರು. ಗುಂಯ್ ಅಂತ ಒಂದೇ ಶ್ರುತಿ. ಅದರ ಮೇಲೆ ಆಗಾಗ ಸುರ್ರ್. "ರಾತ್ರಿ ಅಮ್ಮಂಗೆ ನಿದ್ದೆ ಇಲ್ಲ. ನೀರು ಬೇರೆ 29 ಡಿಗ್ರಿ ತೋರಿಸ್ತಿದೆ. ಸದ್ದಿಲ್ಲದ ಮೋಟರ್ ಯಾವುದು ಹೇಳು, ಇವತ್ತೇ ತರಿಸ್ತೀನಿ."

ಒಂದು ಹೆಸರು ಹೇಳಿ ಫೋನಿಡಬಹುದಿತ್ತು. ಆದರೆ ಭಾವ ಸದ್ದನ್ನೊಂದು, ಬಿಸಿಯನ್ನೊಂದು, ಹೀಗೆ ಎರಡು ಬೇರೆ ದೂರು ಅಂದುಕೊಂಡಿದ್ದಾರೆ. ಬೇಡದ ವ್ಯಾಟ್ ಖರ್ಚಾಗುತ್ತಿದೆ, ಅದರಲ್ಲಿ ಚೂರು ಕಿವಿಗೆ ಬರುತ್ತಿದೆ, ಮಿಕ್ಕಿದ್ದೆಲ್ಲ ನೀರಿಗೆ ಸೇರುತ್ತಿದೆ. ದೂರು ಒಂದೇ.

ನಮ್ಮ ಕಡೆ ಸಂಪ್ ಅಂದರೆ ಗೇಟಿನ ಪಕ್ಕ ಕಬ್ಬಿಣದ ಮುಚ್ಚಳ ಹಾಕಿದ ತೊಟ್ಟಿ. ರೀಫ್, ಅಂದರೆ ಇಂಥ ಹವಳದ ತೊಟ್ಟಿ, ಸಾಕುವವರ ಸಂಪ್ ಕ್ಯಾಬಿನೆಟ್ಟಿನೊಳಗಿನ ಎರಡನೇ ಗಾಜಿನ ತೊಟ್ಟಿ. ಮೇಲಿನ ಉಪ್ಪುನೀರು ಉಕ್ಕಿ ಅಲ್ಲಿಗೆ ಇಳಿಯುತ್ತದೆ, ಕೊಳೆಯನ್ನು ನೊರೆಯಾಗಿ ತೆಗೆಯುವ ಸ್ಕಿಮ್ಮರ್, ಹೀಟರ್ ದಾಟಿ ಕೊನೆಯ ಕೋಣೆಗೆ ಬರುತ್ತದೆ. ಅಲ್ಲಿಂದ ಮತ್ತೆ ಮೇಲೆ ಹತ್ತಿಸುವುದು ರಿಟರ್ನ್ ಪಂಪು. ಅದರ ಕೆಲಸ ಅಷ್ಟೇ. ಹವಳಕ್ಕೆ ಬೇಕಾದ ಅಲೆ ಎಬ್ಬಿಸುವುದಕ್ಕೆ ತೊಟ್ಟಿಯೊಳಗೆ ವೇವ್‌ಮೇಕರ್ ಇದೆ. ಈ ಎರಡು ಕೆಲಸ ಬೆರೆಸಿಕೊಂಡವರು ಗಂಟೆಗೆ ತೊಟ್ಟಿಯ ಹತ್ತು ಪಟ್ಟು ನೀರು ತಿರುಗಬೇಕು ಅಂತ ದೊಡ್ಡ ಪಂಪು ತರುತ್ತಾರೆ. ಸಂಪಿನ ಮೂಲಕ ಮೂರರಿಂದ ಐದು ಪಟ್ಟು ಸಾಕು. ಭಾವನದು ನಾಲ್ಕಡಿ, ಒಂದೂವರೆ, ಒಂದೂವರೆ. ಸುಮಾರು 255 ಲೀಟರ್. ಗಂಟೆಗೆ 1200 ಲೀಟರ್ ಧಾರಾಳ.

ಅವರ ಹತ್ತಿರ ಇರುವುದು 65 ವ್ಯಾಟಿನ ಎಸಿ ಪಂಪು, ಗೋಡೆಯ ಕರೆಂಟಿನಲ್ಲೇ ನೇರ ಓಡುವಂಥದ್ದು. ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ 4000 ಲೀಟರ್.

ನೀರಿನೊಳಗೆ ಮುಳುಗಿಸಿದ ಪಂಪು ತಿನ್ನುವ ಕರೆಂಟೆಲ್ಲ ಕೊನೆಗೆ ನೀರಿನ ಬಿಸಿಯೇ. ಸುರುಳಿ ಬಿಸಿಯಾಗಿದ್ದು, ಬೇರಿಂಗ್ ತಿಕ್ಕಿದ್ದು, ಚಿಮ್ಮಿದ ನೀರು ಗಾಜಿಗೆ ಬಡಿದು ನಿಂತಿದ್ದು, ಎಲ್ಲ ಅಲ್ಲೇ ಲೆಕ್ಕಕ್ಕೆ ಬರುತ್ತದೆ. 65 ವ್ಯಾಟ್ ಅಂದರೆ ದಿನಕ್ಕೆ ಸುಮಾರು 5600 ಕಿಲೋಜೂಲ್. ಸುಮಾರು 250 ಲೀಟರ್ ಉಪ್ಪುನೀರನ್ನು ಒಂದು ಡಿಗ್ರಿ ಏರಿಸಲು ಹತ್ತಿರ ಹತ್ತಿರ 1000 ಕಿಲೋಜೂಲ್ ಬೇಕು. ಬಿಸಿ ಹೊರಗೆ ಹೋಗುವ ದಾರಿಯೇ ಇಲ್ಲದಿದ್ದರೆ ದಿನಕ್ಕೆ ಐದೂವರೆ ಡಿಗ್ರಿ. ದಾರಿ ಇದೆ, ನೀರು ಆವಿಯಾಗುತ್ತದೆ, ಕೋಣೆಗೂ ಒಂದಿಷ್ಟು ಹೋಗುತ್ತದೆ. ಅದಕ್ಕೇ 29ಕ್ಕೆ ನಿಂತಿದೆ. ಅದೇ 25 ವ್ಯಾಟಿನ ಪಂಪಾದರೆ ಎರಡು ಡಿಗ್ರಿಯ ಲೆಕ್ಕ.

1200 ಲೀಟರನ್ನು ಒಂದೂವರೆ ಮೀಟರ್ ಒಳಗೆ ಎತ್ತಲು ನಿಜವಾಗಿ ಬೇಕಾಗುವ ಶಕ್ತಿ ಎಷ್ಟು ಗೊತ್ತಾ? ಐದು ವ್ಯಾಟ್. ಹೇಳಿದಾಗ ಭಾವ ನಂಬಲಿಲ್ಲ.

ಹೆಡ್, ಅಂದರೆ ಪಂಪು ನೀರೆತ್ತಬೇಕಾದ ಎತ್ತರ, ಆ ವಿಷಯಕ್ಕೆ ಬಂದ ಮೇಲೆ ಅವರಿಗೆ ಪಾಠ ಬೇಕಾಗಲಿಲ್ಲ. ಫೆಬ್ರವರಿಯಲ್ಲಿ ಕಾಫಿ ಹೂವಿಗೆ ಸ್ಪ್ರಿಂಕ್ಲರ್ ಹಾಕುವಾಗ ಕೆರೆಯಿಂದ ಗುಡ್ಡಕ್ಕೆ ಎಷ್ಟು ಹೆಡ್, ಪೈಪು ಎಷ್ಟಿಂಚು, ಬೆಂಡ್ ಎಷ್ಟು ಅಂತ ಬೆರಳಲ್ಲೇ ಎಣಿಸುವವರು. ಮನೆಯೊಳಗಿನ ಗಾಜಿನ ತೊಟ್ಟಿಗೂ ಅದೇ ಲೆಕ್ಕ ಅನ್ನುವುದು ಮಾತ್ರ ಹೊಳೆದಿರಲಿಲ್ಲ. ಡಬ್ಬಿಯ ಮೇಲಿನ 4000 ಲೀಟರ್ ಸೊನ್ನೆ ಎತ್ತರದ್ದು. ಪಕ್ಕದಲ್ಲೇ ಇರುವ ಗರಿಷ್ಠ ಹೆಡ್ಡಿನಲ್ಲಿ ಹರಿವು ಸೊನ್ನೆ. ನಮಗೆ ಬೇಕಾದದ್ದು ಈ ಎರಡರ ನಡುವಿನ ಗೆರೆ, ನಮ್ಮ ಎತ್ತರದಲ್ಲಿ ಅದು ಎಷ್ಟು ಲೀಟರ್ ತೋರಿಸುತ್ತದೆ ಅನ್ನುವುದು. ಆ ಗೆರೆ ಕೊಡದ ಪಂಪನ್ನು ಕೊಳ್ಳದಿರುವುದೇ ಒಳ್ಳೆಯದು.

ಎತ್ತರ ಅಳೆಯುವುದು ಪಂಪಿನಿಂದಲ್ಲ, ಸಂಪಿನ ನೀರಿನ ಮಟ್ಟದಿಂದ, ಪೈಪು ಏರುವ ತುದಿಯವರೆಗೆ. ಭಾವನಲ್ಲಿ 1.1 ಮೀಟರ್. ಅದಕ್ಕೆ ತಿಕ್ಕಾಟ ಸೇರಿಸಬೇಕು. ಪೈಪು ಎರಡು ಮೀಟರ್, ಎಲ್ಬೋ ನಾಲ್ಕು ಅಂತಿಟ್ಟುಕೊಂಡರೆ, ಅರ್ಧ ಇಂಚಿನ ಪೈಪಿನಲ್ಲಿ 1200 ಲೀಟರ್ ಹರಿಸಲು ಇನ್ನೊಂದು ಮೀಟರ್ ಹೆಡ್ ಬೇಕು. ಮುಕ್ಕಾಲು ಇಂಚಿನಲ್ಲಿ 30 ಸೆಂಟಿಮೀಟರ್ ಸಾಕು. ನೂರಿನ್ನೂರು ರೂಪಾಯಿಯ ಪೈಪು ಬದಲಿಸಿದರೆ ಇಡೀ ಒಂದು ಸೈಜು ಚಿಕ್ಕ ಪಂಪು ಸಾಕಾಗುತ್ತದೆ. ಭಾವನದು ಅರ್ಧ ಇಂಚು. ಪಂಪಿನ ಬಾಯಿಗೆ ಸಿಕ್ಕಿದ ಅಡಾಪ್ಟರ್ ಅದೇ ಆಗಿತ್ತಂತೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಗಟ್ಟಿ ಬರುತ್ತೆ ಅಂತ ಹಿತ್ತಾಳೆ ವಾಲ್ವ್ ಕೊಟ್ಟರೆ ಮಾತ್ರ ವಾಪಸ್ ಕೊಟ್ಟುಬಿಡಬೇಕು. ಹಿತ್ತಾಳೆಯಲ್ಲಿರುವ ತಾಮ್ರ ಸಿಗಡಿಗೂ ಹವಳಕ್ಕೂ ವಿಷ. ಪಿವಿಸಿ ಒಂದೇ.

ಏರ್ ಕೂಲರಿನ ಪಂಪು ಕೂಡ ಬೇಡ. ಇನ್ನೂರು ಮುನ್ನೂರಕ್ಕೆ ಸಿಗುತ್ತದೆ ನಿಜ. ಅದರ ಶಾಫ್ಟು ಉಪ್ಪುನೀರಿಗಾಗಿ ಮಾಡಿದ್ದಲ್ಲ. ಸೆರಾಮಿಕ್ ಶಾಫ್ಟ್, ಪೂರ್ತಿ ಎಪಾಕ್ಸಿಯಲ್ಲಿ ಮುಚ್ಚಿದ ಮೋಟರ್, ಬಿರುಕಿಲ್ಲದ ಹೊದಿಕೆಯ ಮ್ಯಾಗ್ನೆಟ್, ಈ ಮೂರೂ ಇರಲೇಬೇಕು. ಅಮೆರಿಕದಿಂದ ಯಾರೋ ತಂದುಕೊಟ್ಟ ಎಸಿ ಪಂಪನ್ನು ಟ್ರಾನ್ಸ್‌ಫಾರ್ಮರ್ ಹಾಕಿ ಓಡಿಸುವವರೂ ಇದ್ದಾರೆ. ಟ್ರಾನ್ಸ್‌ಫಾರ್ಮರ್ ವೋಲ್ಟೇಜ್ ಇಳಿಸುತ್ತದೆ, ಹರ್ಟ್ಸ್ ಬದಲಿಸುವುದಿಲ್ಲ. 60 ಹರ್ಟ್ಸಿನ ಪಂಪು ನಮ್ಮ 50ರಲ್ಲಿ ಆರರಲ್ಲಿ ಐದು ಭಾಗದ ವೇಗಕ್ಕೆ ಇಳಿಯುತ್ತದೆ, ಹೆಡ್ಡು ಮೂರನೇ ಒಂದು ಭಾಗ ಹೋಗುತ್ತದೆ, ಮೈ ಮಾತ್ರ ಹೆಚ್ಚು ಕಾಯುತ್ತದೆ.

ಡಿಸಿ ಪಂಪು, ಅಂದರೆ ಅಡಾಪ್ಟರಿನಲ್ಲಿ ಓಡುವ, ವೇಗ ಬದಲಿಸಬಹುದಾದ ಪಂಪು ತಗೋ ಅಂತ ಎಲ್ಲರೂ ಹೇಳುತ್ತಾರೆ, ನನ್ನದೂ ಅದೇ ಮಾತು. ಆದರೆ "ದೊಡ್ಡದು ತಗೊಂಡು ನಿಧಾನಕ್ಕೆ ಓಡಿಸು" ಅನ್ನುವ ಸಲಹೆಯಲ್ಲಿ ಒಂದು ಗುಂಡಿ ಇದೆ. ವೇಗ ಇಳಿಸಿದಷ್ಟೂ ಹರಿವು ಅದೇ ಅನುಪಾತದಲ್ಲಿ ಇಳಿಯುತ್ತದೆ, ಹೆಡ್ಡು ಅದರ ವರ್ಗದಲ್ಲಿ, ವ್ಯಾಟ್ ಅದರ ಘನದಲ್ಲಿ. ಮೂರು ಮೀಟರ್ ಹೆಡ್ಡಿನ, 40 ವ್ಯಾಟಿನ ಪಂಪನ್ನು ಶೇಕಡಾ 80ರ ವೇಗಕ್ಕೆ ತಂದರೆ 20 ವ್ಯಾಟ್, ಹೆಡ್ಡು 1.9 ಮೀಟರ್. ಭಾವನ ತೊಟ್ಟಿಗೆ ಹೇಳಿ ಮಾಡಿಸಿದ ಹಾಗೆ. ಇನ್ನೂ ಸದ್ದು ಕಡಿಮೆಯಾಗಲಿ ಅಂತ 60ಕ್ಕೆ ತಂದರೆ? 1.08 ಮೀಟರ್. ನೀರು ಪೈಪಿನಲ್ಲಿ ಎದೆಮಟ್ಟ ಹತ್ತಿ ನಿಂತುಬಿಡುತ್ತದೆ, ಒಂದು ಹನಿಯೂ ಮೇಲೆ ಬೀಳುವುದಿಲ್ಲ. ಪಂಪು ತಿರುಗುತ್ತಲೇ ಇರುತ್ತದೆ, ದೀಪ ಹಸಿರೇ ಇರುತ್ತದೆ, ಸದ್ದೂ ಇಲ್ಲ. ಪಂಪು ಕೆಟ್ಟಿದೆ ಅಂತ ವಾಪಸ್ ಕಳಿಸಿದ ಡಿಸಿ ಪಂಪುಗಳಲ್ಲಿ ಹೀಗೆ ಬಲಿಯಾದವು ಎಷ್ಟೋ. ಕಂಟ್ರೋಲರಿನ ಮೇಲಿನ ಅಂಕಿಯೂ ಎಲ್ಲದರಲ್ಲೂ ವೇಗದ ಶೇಕಡಾವಾರೇ ಆಗಿರುವುದಿಲ್ಲ. ಬಕೆಟ್ಟೇ ಸಾಕ್ಷಿ. ರಿಟರ್ನ್ ಬಾಯಿಗೆ ಹತ್ತು ಲೀಟರಿನ ಬಕೆಟ್ ಹಿಡಿದು ಗಡಿಯಾರ ನೋಡಬೇಕು. 36 ಸೆಕೆಂಡಿಗೆ ತುಂಬಿದರೆ ಗಂಟೆಗೆ 1000 ಲೀಟರ್, 30ಕ್ಕೆ ತುಂಬಿದರೆ 1200.

ವ್ಯಾಟಿಗೂ ಹೀಗೇ. ಪ್ಲಗ್ ಮೀಟರ್ ಇಲ್ಲದಿದ್ದರೆ ಮನೆಯ ಮಿಕ್ಕಿದ್ದೆಲ್ಲ ಆರಿಸಿ, ಗೋಡೆಯ ಮೀಟರಿನ ಕೆಂಪು ಚುಕ್ಕಿ ನೋಡಿ. ಯೂನಿಟ್ಟಿಗೆ 3200 ಮಿಣುಕು ಅಂತ ಬರೆದಿದ್ದರೆ, 65 ವ್ಯಾಟಿಗೆ 17 ಸೆಕೆಂಡಿಗೊಂದು, 25ಕ್ಕೆ 45 ಸೆಕೆಂಡಿಗೊಂದು ಮಿಣುಕು. ತಿಂಗಳಿಗೆ 47 ಯೂನಿಟ್ ಎಲ್ಲಿ, 18 ಎಲ್ಲಿ.

ಸದ್ದು.

ಪಂಪಿನ ಸದ್ದು ಅಂತ ಬರುವ ದೂರುಗಳಲ್ಲಿ ಎಷ್ಟೋ ಪಂಪಿನದ್ದೇ ಅಲ್ಲ. ಕಿವಿಯಲ್ಲೇ ಬೇರೆ ಮಾಡಬಹುದು. ಗುಂಯ್ ಅಂದರೆ ನಮ್ಮ ಕರೆಂಟಿನ ಎರಡರಷ್ಟು, 100 ಹರ್ಟ್ಸಿನ ನಡುಕ. ಎಸಿ ಮೋಟರಿನ ಹುಟ್ಟುಗುಣ. ಅಂಗೈ ಮೇಲೆ ಹಿಡಿದರೆ ಅದು ಪಿಸುಮಾತು. ಪಂಪು ಸಂಪಿನ ಗಾಜಿಗೆ ತಾಗಿದರೆ, ಇಲ್ಲವೇ ಗಟ್ಟಿ ಪಿವಿಸಿ ನೇರ ಪಂಪಿನ ಬಾಯಿಗೆ ಕೂತು ಪ್ಲೈವುಡ್ ಕ್ಯಾಬಿನೆಟ್ಟಿಗೆ ಒರಗಿದರೆ, ಕ್ಯಾಬಿನೆಟ್ಟೇ ವೀಣೆಯ ಬುರುಡೆ. ಪಂಪಿಗೂ ಪೈಪಿಗೂ ನಡುವೆ ಒಂದು ಗೇಣು ಮೆತ್ತನೆಯ ಸಿಲಿಕಾನ್ ಕೊಳವೆ, ಪಂಪಿನ ಕೆಳಗೆ ಸಿಲಿಕಾನ್ ಪಾದ, ಪೈಪು ಹಲಗೆ ದಾಟುವ ತೂತು ಒಂದು ಸೈಜು ದೊಡ್ಡದು. ಇದಿಷ್ಟು ಮಾಡಿ ಆಮೇಲೆ ಹೊಸ ಪಂಪಿನ ಮಾತು. ಇನ್ವರ್ಟರ್ ಮೇಲೆ ಹೋದಾಗ ಮಾತ್ರ ಗುಂಯ್ ಜೋರಾದರೆ, ಆ ಇನ್ವರ್ಟರ್ ಶುದ್ಧ ಸೈನ್ ವೇವಿನದ್ದಲ್ಲ; ಎಸಿ ಪಂಪು ಅದರಲ್ಲಿ ಕಾಯುತ್ತದೆ ಕೂಡ. ಸಂಜೆ ವೋಲ್ಟೇಜ್ 170ಕ್ಕೆ ಬೀಳುವ ತೋಟದ ಮನೆಗಳಲ್ಲೂ ಇದೇ ಗೋಳು, ಒಮ್ಮೊಮ್ಮೆ ಸ್ಟಾರ್ಟೇ ಆಗುವುದಿಲ್ಲ. 100ರಿಂದ 240 ವೋಲ್ಟ್ ತಡೆಯುವ ಅಡಾಪ್ಟರ್ ಇರುವ ಡಿಸಿಗೆ ಈ ತಾಪತ್ರಯವಿಲ್ಲ. ಅದರ ಕಂಟ್ರೋಲರನ್ನು ಮಾತ್ರ ಸಂಪಿನ ಮೇಲೆ ನೇತುಹಾಕಬಾರದು. ಉಪ್ಪು ಹಬ್ಬುತ್ತದೆ, ಮಳೆಗಾಲದಲ್ಲಿ ಆ ಉಪ್ಪು ನೀರೂ ಹೀರುತ್ತದೆ.

ಕಟಕಟ ಅಂದರೆ ಇಂಪೆಲ್ಲರ್, ಪಂಪಿನೊಳಗೆ ಮ್ಯಾಗ್ನೆಟ್ಟಿನ ಜೊತೆ ತಿರುಗುವ ರೆಕ್ಕೆ. ಬಿಚ್ಚಿ ನೋಡಿದರೆ ಬಚ್ಚಲ ಹಂಡೆಯೊಳಗೆ ಕಟ್ಟುವಂಥದ್ದೇ ಬಿಳಿ ಸುಣ್ಣ, ಮ್ಯಾಗ್ನೆಟ್ಟಿನ ಸುತ್ತ ಉಂಗುರದ ಹಾಗೆ, ಉಗುರಿನಿಂದ ಕೆರೆದರೆ ಹಪ್ಪಳದ ಚೂರಿನಂತೆ ಏಳುತ್ತದೆ. ನೀರಿನಲ್ಲಿ ಕರಗಿದ ಕ್ಯಾಲ್ಸಿಯಂ ಬಿಸಿ ಮೈ ಸಿಕ್ಕಲ್ಲಿ ಕೂರುತ್ತದೆ, ಹಾಗಾಗಿ ಬಿಸಿ ಪಂಪಿಗೇ ಬೇಗ. ಸುಣ್ಣ ಕೂತರೆ ತಿಕ್ಕಾಟ, ತಿಕ್ಕಾಟದಿಂದ ಇನ್ನಷ್ಟು ಬಿಸಿ. ದಿನಸಿ ಅಂಗಡಿಯ ನಿಂಬೆ ಉಪ್ಪು, ಲೀಟರ್ ನೀರಿಗೆ ಎರಡು ದೊಡ್ಡ ಚಮಚ, ಪಂಪನ್ನು ಅದರಲ್ಲಿ ಅರ್ಧ ಗಂಟೆ ಓಡಿಸಿ, ಹಳೆ ಟೂತ್‌ಬ್ರಷ್ಷಿನಿಂದ ಉಜ್ಜಿ, ಸಿಹಿನೀರಿನಲ್ಲಿ ತೊಳೆದರೆ ಆಯಿತು. ನಾಲ್ಕು ತಿಂಗಳಿಗೊಮ್ಮೆ. ಮ್ಯಾಗ್ನೆಟ್ ಉಬ್ಬಿ ತುಕ್ಕು ಕಂಡರೆ ಇಂಪೆಲ್ಲರ್ ಎಸೆಯಬೇಕು, ಉಜ್ಜಬಾರದು.

ಇನ್ನು ಆ ಸುರ್ರ್. ಗಾಳಿ ಎಳೆಯುವ ಸದ್ದು. ತೊಟ್ಟಿಯ ನೀರು ಎಲ್ಲಿಂದ ಆವಿಯಾದರೂ ಮಟ್ಟ ಇಳಿಯುವುದು ಪಂಪಿನ ಕೋಣೆಯಲ್ಲಿ ಮಾತ್ರ. ಭಾವನ ಪಂಪಿನ ಬಿಸಿ ಪೂರ್ತಿ ಆವಿಯಾಗಿಯೇ ಹೋಗುತ್ತದೆ ಅಂದರೆ ದಿನಕ್ಕೆ ಎರಡು ಲೀಟರಿನ ಮೇಲೆ. ಅವರ ಕೋಣೆ 25 ಸೆಂಟಿಮೀಟರಿಗೆ 35. ದಿನಕ್ಕೆ ಎರಡೂವರೆ ಸೆಂಟಿಮೀಟರ್ ಇಳಿತ. ಮೂರನೇ ದಿನ ಪಂಪಿನ ಬಾಯಿಯ ಮೇಲೆ ಸುಳಿ, ಸುರ್ರ್, ಮೇಲಿನ ತೊಟ್ಟಿಯಲ್ಲಿ ಸೋಡಾ ಗುಳ್ಳೆ. ದೂರು ಒಂದೇ ಅಂತ ನಾನು ಹೇಳಿದ್ದು ಇದನ್ನೇ, ಬಿಸಿಯೇ ಸದ್ದಾಯಿತು. ತುಂಬಿಸಬೇಕಾದದ್ದು ಆರ್‌ಒ ಸಿಹಿನೀರು, ಉಪ್ಪು ಆವಿಯಾಗಿಲ್ಲವಲ್ಲ.

ಡಿಸೆಂಬರಿನಲ್ಲಿ ಇದೇ ಭಾವ ಹೀಟರ್ ಸಾಲದು ಅನ್ನುತ್ತಿದ್ದರು. ಆ ಚಳಿಯಲ್ಲಿ 65 ವ್ಯಾಟ್ ಉಪಕಾರವೇ. ಆದರೆ ಹೀಟರಿಗೆ ಥರ್ಮೋಸ್ಟಾಟ್ ಇದೆ, ಪಂಪಿಗಿಲ್ಲ. ಏಪ್ರಿಲ್ ಬಂತು ಅಂತ ಅದಕ್ಕೆ ಯಾರು ಹೇಳಬೇಕು? ಸದ್ಯಕ್ಕೆ ಸಂಪಿನ ಮೇಲೆ ಕಂಪ್ಯೂಟರಿನ 12 ವೋಲ್ಟ್ ಫ್ಯಾನ್ ಕಟ್ಟಲು ಹೇಳಿದ್ದೇನೆ. 26ಕ್ಕೆ ಇಳಿಯಬೇಕು. 30 ದಾಟಿ ಕೆಲವು ದಿನ ನಿಂತರೆ ಹವಳ ತನ್ನೊಳಗಿನ ಪಾಚಿಯನ್ನು ಹೊರಹಾಕಿ ಬಿಳಚುತ್ತದೆ. ಅವರದೆಲ್ಲ ಲೆದರ್, ಮಶ್ರೂಮ್, ಜೋವಾಂತಿಡ್ ಥರದ ಮೆತ್ತನೆಯ ಹವಳ. ಗಟ್ಟಿ ಹವಳ 1972ರ ವನ್ಯಜೀವಿ ಕಾಯ್ದೆಯ ಮೊದಲ ಷೆಡ್ಯೂಲಿನಲ್ಲಿದೆ, ಮನೆಗೆ ತರುವ ಹಾಗಿಲ್ಲ. ಮೆತ್ತನೆಯವು ಒಂದಿಷ್ಟು ತಡೆಯುತ್ತವೆ. ಆಮ್ಲಜನಕದ ಚಿಂತೆ ಬೇರೆ. ನೀರು ಬಿಸಿಯಾದಷ್ಟೂ ಕಡಿಮೆ, ಜೊತೆಗೆ ಸಮುದ್ರಕ್ಕಿಂತ ಸಾವಿರ ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡವೇ ಹತ್ತನೇ ಒಂದು ಭಾಗ ಕಮ್ಮಿ. ಕಡಲನ್ನು ಗುಡ್ಡ ಹತ್ತಿಸಿದವರು ನಾವು.

ಸಂಜೆ ಏಳಕ್ಕೆ ಮತ್ತೆ ಫೋನು. ಖುಷಿಯ ದನಿ. ಪಂಪಿನ ಕೆಳಗೆ ಸ್ಪಾಂಜ್ ಇಟ್ಟರಂತೆ, ಗುಂಯ್ ಅರ್ಧ ಆಯಿತಂತೆ. "ಸುರ್ರ್ ಪೂರ್ತಿ ನಿಂತೋಯ್ತು. ಸಂಪಿಗೆ ನೀರು ಹಾಕಿಬಿಟ್ಟೆ." ಎಷ್ಟು ಅಂದೆ. "ಅಂಚಿಗೆ ಎರಡು ಬೆರಳು ಕಮ್ಮಿ." ಸಿಹಿನೀರು ಅಷ್ಟು ಸುರಿದರೆ ಉಪ್ಪಿನ ಲೆಕ್ಕ ತಪ್ಪುತ್ತದೆ ಅಂತ ಹೇಳುವಷ್ಟರಲ್ಲಿ ಯಾರೋ ನೆಂಟರು ಬಂದರು, ಫೋನಿಟ್ಟರು.

ಈಗ ಹತ್ತೂವರೆ. ಆಲ್ದೂರಿನ ಕಡೆ ಮಿಂಚುತ್ತಿದೆ, ಗುಡುಗು ಇಲ್ಲಿಗೂ ಕೇಳಿಸುತ್ತಿದೆ. ಕರೆಂಟು ಹೋದರೆ ರಿಟರ್ನ್ ಪೈಪು ಮೇಲಿನ ನೀರನ್ನು ಹಿಂದಕ್ಕೆ ಎಳೆಯುತ್ತದೆ, ಅದರ ಬಾಯಿ ಗಾಳಿ ಕಾಣುವವರೆಗೆ. ನಾಲ್ಕಡಿ ತೊಟ್ಟಿಯಲ್ಲಿ ಒಂದು ಸೆಂಟಿಮೀಟರ್ ಅಂದರೆ ಐದೂವರೆ ಲೀಟರ್. ಅವರ ಪೈಪಿನ ಬಾಯಿ ಮೂರು ಸೆಂಟಿಮೀಟರ್ ಮುಳುಗಿದೆ, ಹದಿನೇಳು ಲೀಟರ್ ಕೆಳಗೆ ಬರಬೇಕು. ಎರಡು ಬೆರಳಿನ ಜಾಗಕ್ಕೆ. ಗಾಳಿ ಬೇಗ ಸಿಕ್ಕಿ ಎಳೆತ ನಿಲ್ಲಲಿ ಅಂತ ನೀರಿನ ಮಟ್ಟದ ಹತ್ತಿರ ಪೈಪಿಗೆ ಸಣ್ಣ ತೂತು ಕೊರೆಯಲು ಹೋದ ವರ್ಷವೇ ಹೇಳಿದ್ದೆ, ಕೊರೆದಿದ್ದಾರೋ, ಕೊರೆದಿದ್ದರೂ ಅದರಲ್ಲಿ ಪಾಚಿ ಕಟ್ಟಿದೆಯೋ. ರಿಂಗಾಗುತ್ತಿದೆ, ಎತ್ತುತ್ತಿಲ್ಲ. ಇನ್ವರ್ಟರಿಗೆ ಪಂಪು ಸೇರಿಸಿದ್ದಾರೆ ಅಂತ ನೆನಪು, ಆದರೆ ಆ ಸಾಕೆಟ್ಟಿನಲ್ಲಿ ಮೊನ್ನೆ ನೋಡಿದಾಗ ಇದ್ದದ್ದು ಮಿಕ್ಸಿ