ಫೈಬರ್ ದೋಣಿಗೆ ವ್ಯಾಕ್ಸಾ, ಸೆರಾಮಿಕ್ಕಾ? ನಾಲ್ಕು ತಿಂಗಳ ಡೈರಿ

ನವೆಂಬರ್ 2, ಭಾನುವಾರ

ಮಳೆಗಾಲ ಪೂರ್ತಿ ಟಾರ್ಪಾಲಿನಡಿ ಮಲಗಿದ್ದ ದೋಣಿಯನ್ನು ಇವತ್ತು ಹೊರಗೆ ಎಳೆದೆವು. ಹದಿನಾರು ಅಡಿಯ ಹಳೇ ಫೈಬರ್ ದೋಣಿ, ಬಣ್ಣ ನೀಲಿ. ನೀಲಿ ಅನ್ನುವುದು ಈಗ ಬರೀ ಮರ್ಯಾದೆಗೆ. ಕಪ್ಪು ಟೀ ಶರ್ಟ್ ಹಾಕಿಕೊಂಡು ಅದಕ್ಕೆ ಒರಗಿ ನಿಂತಿದ್ದೆ. ಮನೆಗೆ ಬಂದರೆ ಬೆನ್ನಿಡೀ ಬಿಳಿ ಪುಡಿ, ಸುಣ್ಣದ ಗೋಡೆಗೆ ಉಜ್ಜಿಕೊಂಡ ಹಾಗೆ.

ಈ ಪುಡಿ ದೂಳಲ್ಲ, ದೋಣಿಯದ್ದೇ ಚರ್ಮ. ಫೈಬರ್ ದೋಣಿ ಮಾಡುವಾಗ ಅಚ್ಚಿನೊಳಗೆ ಮೊದಲು ಬಣ್ಣ ಕಲಸಿದ ರೆಸಿನ್ ಬಳಿಯುತ್ತಾರೆ, ಅದರ ಮೇಲೆ ಗ್ಲಾಸ್ ಫೈಬರ್ ಕೂರಿಸುತ್ತಾರೆ. ಹೊರಗೆ ಕಾಣುವ ಆ ಮೊದಲ ಪದರವೇ ಜೆಲ್‌ಕೋಟ್. ದಪ್ಪ ಸುಮಾರು ಅರ್ಧ ಮಿಲಿಮೀಟರ್, ಅಷ್ಟೇ. ಬಿಸಿಲು ಅದನ್ನು ಮೇಲಿಂದ ಸ್ವಲ್ಪ ಸ್ವಲ್ಪವೇ ಪುಡಿ ಮಾಡುತ್ತದೆ. ಪೂರ್ತಿ ಸವೆದರೆ ಒಳಗಿನ ಫೈಬರ್ ನೀರು ಕುಡಿಯಲು ಶುರು.

ಹಾಗಾಗಿ ಈ ವರ್ಷ ಉಜ್ಜಿ, ಹೊಳಪು ತಂದು, ಮೇಲೆ ಏನಾದರೂ ರಕ್ಷಣೆ ಹಾಕಬೇಕು. ಏನು ಹಾಕುವುದು ಅನ್ನುವುದೇ ಪ್ರಶ್ನೆ. ಅಣ್ಣ ತನ್ನ ಕಾರಿಗೆ ಸೆರಾಮಿಕ್ ಕೋಟಿಂಗ್ ಮಾಡಿಸಿದವನು, ಅವನ ಪ್ರಕಾರ ವ್ಯಾಕ್ಸ್ ಹಳೇ ಕಾಲದ್ದು. ನನಗೆ ಅಷ್ಟು ಧೈರ್ಯ ಇಲ್ಲ. ಅವನ ಕಾರು ಪೋರ್ಚಿನಲ್ಲಿ ಇರುತ್ತದೆ. ನಮ್ಮ ದೋಣಿ ಕುಂದಾಪುರದ ಪಂಚಗಂಗಾವಳಿ ಹೊಳೆಯ ಉಪ್ಪುನೀರು, ಮರಳು ದಂಡೆ, ದೋಣಿ ಕಟ್ಟುವ ದಕ್ಕೆಯ ಟಯರು ಎಲ್ಲದಕ್ಕೂ ಮೈ ಉಜ್ಜಿಕೊಂಡು ಬದುಕುವುದು.

ನವೆಂಬರ್ 9

ಎರಡು ಭಾನುವಾರ ಬರೀ ಉಜ್ಜುವುದರಲ್ಲೇ ಹೋಗುತ್ತದೆ ಅಂತ ಯಾರೂ ಮೊದಲೇ ಹೇಳುವುದಿಲ್ಲ. ಮೊದಲು 800ರ ವಾಟರ್ ಪೇಪರ್, ಅಂದರೆ ನೀರು ಹಾಕಿ ಉಜ್ಜುವ ಉಪ್ಪುಕಾಗದ, ಆಮೇಲೆ ಇನ್ನೂ ನಯವಾದ 1000, 1500, 2000. ಪೈಪಿನಿಂದ ನೀರು ಬಿಡುತ್ತಾ ಉಜ್ಜಿದರೆ ಇಳಿದು ಬರುವ ನೀರು ಮೊದಲು ಹಾಲಿನಂತೆ, ಆಮೇಲೆ ನಿಧಾನಕ್ಕೆ ನೀಲಿ. ನೀಲಿ ಬಂತೆಂದರೆ ಸತ್ತ ಪದರ ಹೋಯಿತು, ಗಟ್ಟಿ ಜೆಲ್‌ಕೋಟ್ ಸಿಕ್ಕಿತು ಅಂತ ಲೆಕ್ಕ. ಅಲ್ಲಿಗೆ ನಿಲ್ಲಿಸಬೇಕು. ಇರುವುದೇ ಅರ್ಧ ಮಿಲಿಮೀಟರ್ ಅಲ್ವಾ. ಮೂಲೆ, ಅಂಚುಗಳಲ್ಲಿ ಇನ್ನೂ ತೆಳು, ಅಲ್ಲಿ ಬರೀ ಕೈಯಲ್ಲೇ ಉಜ್ಜಿದೆ.

ಪಕ್ಕದ ದಂಡೆಯಲ್ಲಿ ಬಲೆ ಸರಿ ಮಾಡುತ್ತಿದ್ದ ಹಿರಿಯರು ತುಂಬಾ ಹೊತ್ತು ನೋಡಿ ಕೇಳಿದರು: "ಎಂತ ಮಾರಾಯ್ರೆ, ದೋಣಿಗೆ ಮದುವೆಯಾ?" ಅವರ ಕಾಲದಲ್ಲಿ ಮರದ ದೋಣಿಗೆ ಮೀನೆಣ್ಣೆ, ಗೇರುಸಿಪ್ಪೆಯ ಎಣ್ಣೆ ಬಳಿಯುತ್ತಿದ್ದರಂತೆ. ಎಷ್ಟು ದಿನ ಬಾಳುತ್ತಿತ್ತು ಅಂತ ಕೇಳಿದೆ. "ಹೋದ ಮೇಲೆ ಮತ್ತೆ ಬಳಿಯುದು" ಅಂದರು. ನಾನು ಕೇಳಿದ್ದಕ್ಕೆ ಇದು ಉತ್ತರ ಅಲ್ಲ ಅಂತ ಆಗ ಅನ್ನಿಸಿತ್ತು.

ನವೆಂಬರ್ 16

ರಬ್ಬಿಂಗ್ ಕಾಂಪೌಂಡ್ ಅನ್ನುವ ಉಜ್ಜುವ ಪೇಸ್ಟ್, ಬಾಡಿಗೆ ಪಾಲಿಶಿಂಗ್ ಮಷಿನ್. ಸಂಜೆಗೆ ಮುಖ ಕಾಣುವಷ್ಟು ಹೊಳಪು. ಏನೂ ಹಾಕದೆ ಹೀಗೇ ಬಿಟ್ಟುಬಿಡೋಣ ಅನ್ನಿಸಿತು.

ಎರಡೂ ತಂದಿಟ್ಟಿದ್ದೇನೆ. ವ್ಯಾಕ್ಸ್ ಡಬ್ಬಿಗೆ 850 ರೂಪಾಯಿ, ಸೆರಾಮಿಕ್‌ನ 50 ಎಂಎಲ್ ಬಾಟಲಿಗೆ 2,600. ವ್ಯಾಕ್ಸಿನಲ್ಲಿರುವುದು ಕಾರ್ನೌಬಾ, ಬ್ರೆಜಿಲ್‌ನ ಒಂದು ಜಾತಿ ತಾಳೆ ಎಲೆಯ ಮೇಣ. ಎಂಬತ್ತು ಡಿಗ್ರಿ ದಾಟಿದ ಮೇಲೆ ಕರಗುವ ಗಟ್ಟಿ ಮೇಣ ಅದು. ಆದರೂ ಮೇಲೆ ಸುಮ್ನೆ ಕೂತಿರುತ್ತದೆ ಅಷ್ಟೇ, ಸೋಪು ನೀರಿಗೆ ಬಿಟ್ಟು ಹೋಗುತ್ತದೆ. ಸೆರಾಮಿಕ್ ಅನ್ನುವುದು ಸಿಲಿಕಾ ಮೂಲದ ದ್ರವ. ಗಾಳಿಯ ತೇವ ಹೀರಿಕೊಂಡು ಗಾಜಿನಂಥ ಪದರವಾಗಿ ಮೇಲ್ಮೈಗೆ ಕಚ್ಚಿಕೊಳ್ಳುತ್ತದೆ. ಬಾಟಲಿ ಮೇಲೆ ದೊಡ್ಡದಾಗಿ 9ಎಚ್ ಅಂತ ಬರೆದಿದ್ದಾರೆ. ವಜ್ರದ ಹತ್ತಿರದ ಗಡಸುತನ ಅಂತ ನಾನೂ ಮೊದಲು ನಂಬಿದ್ದೆ. ಅದು ಪೆನ್ಸಿಲ್ ಲೆಕ್ಕ ಮಾರಾಯ್ರೆ! 9ಎಚ್ ಪೆನ್ಸಿಲ್ಲಿನಿಂದ ಗೀಚಿದರೂ ಗೆರೆ ಬೀಳುವುದಿಲ್ಲ ಅಂತ ಅರ್ಥ. ದಕ್ಕೆಯ ಕೆಂಪುಕಲ್ಲು ಪೆನ್ಸಿಲ್ ಅಲ್ಲ.

ನವೆಂಬರ್ 23

ಎಡ ಮಗ್ಗುಲಿಗೆ ವ್ಯಾಕ್ಸ್, ಬಲ ಮಗ್ಗುಲಿಗೆ ಸೆರಾಮಿಕ್. ಯಾವುದು ಗೆಲ್ಲುತ್ತದೋ ಅದು. ಹೀಗಂತ ಶುರು ಮಾಡಿದೆ.

ವ್ಯಾಕ್ಸ್ ಒಂದು ಗಂಟೆಯ ಕೆಲಸ. ಹಚ್ಚು, ಮಂಜು ಕಟ್ಟಿದ ಹಾಗೆ ಆಗಲು ಬಿಡು, ಹಳೇ ಬೈರಾಸಿನಲ್ಲಿ ಒರೆಸು. ಮಗಳೂ ಮಾಡಿದಳು.

ಸೆರಾಮಿಕ್ ಹಾಗಲ್ಲ. ಮೊದಲು ಐಸೋಪ್ರೊಪೈಲ್ ಆಲ್ಕೊಹಾಲ್ ಹಾಕಿ ಒರೆಸಿ ಕಾಂಪೌಂಡಿನ ಎಣ್ಣೆಯೆಲ್ಲ ತೆಗೆಯಬೇಕು. ಆಮೇಲೆ ಒಂದೊಂದು ಅಡಿ ಚೌಕ ಹಚ್ಚಿ, ಮೇಲೆ ಕಾಮನಬಿಲ್ಲಿನ ಬಣ್ಣ ಮೂಡಿದ ತಕ್ಷಣ ಒರೆಸಬೇಕು. ಬಾಟಲಿ ಜೊತೆ ಬಂದ ಕಾಗದದಲ್ಲಿ ಎರಡು ನಿಮಿಷ ಅಂತ ಇತ್ತು. ನಮ್ಮ ಕರಾವಳಿಯ ತೇವಕ್ಕೆ ಅರ್ಧ ನಿಮಿಷದಲ್ಲೇ ಮೂಡಿತು. ಮೂರು ಕಡೆ ತಡವಾಗಿ, ಬೆಲ್ಲದ ಪಾಕ ಸೋರಿ ಒಣಗಿದಂಥ ಕಲೆ ಉಳಿಯಿತು. ಅದನ್ನು ಒರೆಸಿ ತೆಗೆಯಲು ಆಗುವುದಿಲ್ಲ. ಮತ್ತೆ ಮಷಿನ್ ಹಿಡಿದು ಪಾಲಿಶ್ ಮಾಡಿಯೇ ತೆಗೆಯಬೇಕು.

ಮುಗಿದಾಗ ಸಂಜೆ ಐದೂವರೆ. ನಿಜವಾದ ತಪ್ಪು ಮಾಡಿದ್ದು ಅಲ್ಲಿ.

ನವೆಂಬರ್ 24, ಬೆಳಿಗ್ಗೆ

ಇಬ್ಬನಿ. ಶೆಡ್ಡಿನ ತಗಡಿನ ಅಂಚಿನಿಂದ ರಾತ್ರಿಯಿಡೀ ತೊಟ್ಟಿಕ್ಕಿದೆ. ಗಟ್ಟಿಯಾಗದ ಸೆರಾಮಿಕ್ ಮೇಲೆ ಎಂಟಾಣೆಯಷ್ಟು ಅಗಲದ ಬಿಳಿ ಉಂಗುರಗಳು, ಸಾಲಾಗಿ, ತಗಡಿನ ಒಂದೊಂದು ಮಡಿಕೆಗೆ ಒಂದರಂತೆ. ಮೊದಲ ದಿನ ಒಂದು ಹನಿ ನೀರೂ ತಾಗಬಾರದಂತೆ, ಪೂರ್ತಿ ಗಟ್ಟಿಯಾಗಲು ಒಂದು ವಾರ ಬೇಕಂತೆ. ಓದಿದ್ದೆ. ಮಳೆ ಇಲ್ಲ ಅಂತ ನಿಶ್ಚಿಂತೆಯಿಂದ ಇದ್ದೆ. ಕರಾವಳಿಯಲ್ಲಿ ಹುಟ್ಟಿದವನಿಗೆ ಇಬ್ಬನಿ ನೆನಪಾಗಲಿಲ್ಲ ಅಂದರೆ ಏನು ಹೇಳುವುದು!

ನವೆಂಬರ್ 30

ಉಂಗುರ ಇದ್ದ ಜಾಗವನ್ನೆಲ್ಲ ಪಾಲಿಶ್ ಮಾಡಿ ತೆಗೆದು, ಬೆಳಿಗ್ಗೆ ಒಂಬತ್ತಕ್ಕೆ, ಇಬ್ಬನಿ ಆರಿದ ಮೇಲೆ, ಮತ್ತೆ ಹಚ್ಚಿದೆ. ರಾತ್ರಿಗೆ ಮೈಗೆ ತಾಗದ ಹಾಗೆ ಮೇಲೆ ಟಾರ್ಪಾಲು ಕಟ್ಟಿದೆ.

ಇವತ್ತು ಅಪ್ಪ ಬಂದು ದೋಣಿ ಸುತ್ತ ಒಂದು ಸುತ್ತು ಹಾಕಿ, "ನಿನ್ನ ಬಲ ಮಗ್ಗುಲಿಗೆ ಬಿಸಿಲು ಜಾಸ್ತಿ ಅಲ್ವಾ?" ಅಂದರು. ಹೌದು! ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ಶೆಡ್ಡಿನಲ್ಲಿ ದೋಣಿಯ ಬಲ ಮಗ್ಗುಲು ತೆರೆದ ದಕ್ಷಿಣಕ್ಕೆ, ಎಡ ಮಗ್ಗುಲು ಗೋಡೆಗೆ. ನೆರಳಿನಲ್ಲಿ ಕೂತ ವ್ಯಾಕ್ಸ್‌ಗೂ ಬಿಸಿಲಿಗೆ ಕೂತ ಸೆರಾಮಿಕ್‌ಗೂ ಎಂಥ ಸ್ಪರ್ಧೆ?

ಬಲ ಮಗ್ಗುಲಲ್ಲೇ ಟೇಪು ಅಂಟಿಸಿ ಆರು ಚೌಕ ಮಾಡಿದೆ. ನಾಲ್ಕರಲ್ಲಿದ್ದ ಸೆರಾಮಿಕ್ ಪಾಲಿಶ್ ಮಾಡಿ ತೆಗೆದೆ. ಎರಡಕ್ಕೆ ವ್ಯಾಕ್ಸ್, ಎರಡರಲ್ಲಿ ಸೆರಾಮಿಕ್, ಎರಡು ಬರಿಮೈ. ಒಂದೇ ಬಿಸಿಲು, ಒಂದೇ ಉಪ್ಪು.

ಜನವರಿ 11

ಆರು ವಾರ, ಎಂಟು ಸಲ ನೀರಿಗೆ. ಕಾಣೆ ಮೀನು ಮೂರೇ ಸಿಕ್ಕಿದ್ದು, ಅದು ಬೇರೆ ಕತೆ.

ಮೊದಮೊದಲು ನೀರು ಎರಚಿದರೆ ಎರಡರ ಮೇಲೂ ಕೆಸುವಿನೆಲೆ ಮೇಲಿನ ಹನಿಯಂತೆ ಉರುಳುತ್ತಿತ್ತು. ಈಗ ವ್ಯಾಕ್ಸ್ ಚೌಕದಲ್ಲಿ ಹನಿ ಚಪ್ಪಟೆ. ಅದು ನಿರೀಕ್ಷಿಸಿದ್ದೇ. ಸೆರಾಮಿಕ್ ಚೌಕದಲ್ಲೂ ಚಪ್ಪಟೆಯಾದಾಗ ಮಾತ್ರ ಹೊಟ್ಟೆ ಉರಿಯಿತು. ಆಮೇಲೆ ವಿನೆಗರ್ ಬೆರೆಸಿದ ನೀರಿನಲ್ಲಿ ಒರೆಸಿ, ತೊಳೆದು ನೋಡಿದೆ. ಹನಿ ಮತ್ತೆ ಉರುಳಿತು! ಪದರ ಹೋಗಿರಲಿಲ್ಲ. ನೀರು ಆರಿದಾಗ ಉಳಿದ ಸುಣ್ಣದಂಶ ಅದರ ಮೇಲೆ ಕೂತು ಬಾಯಿ ಮುಚ್ಚಿಸಿತ್ತು. ವ್ಯಾಕ್ಸ್ ಚೌಕಕ್ಕೆ ವಿನೆಗರ್ ಹಾಕಿದರೆ ಏನೂ ಆಗಲಿಲ್ಲ. ಬರಿಮೈ ಚೌಕದಲ್ಲಿ ಬೆರಳೊತ್ತಿದರೆ ಬಿಳಿ ಪುಡಿ, ಸ್ವಲ್ಪವೇ, ಆದರೆ ಶುರುವಾಗಿದೆ.

ಇಲ್ಲಿಗೆ ಸೆರಾಮಿಕ್ ಗೆದ್ದ ಹಾಗೆ. ಅಣ್ಣನಿಗೆ ಫೋನ್ ಮಾಡಿಲ್ಲ.

ಫೆಬ್ರವರಿ 1

ದಕ್ಕೆಗೆ ಕಟ್ಟಿದ ಹಳೇ ಟಯರು ಇವತ್ತು ತೀರ್ಪು ಬದಲಿಸಿತು. ಇಳಿತದ ಹೊತ್ತಿಗೆ ದೋಣಿ ತಿರುಗಿ ಬಲ ಮಗ್ಗುಲು ಉದ್ದಕ್ಕೂ ಉಜ್ಜಿತು. ಐದನೇ ಚೌಕ ಸೆರಾಮಿಕ್, ಆರನೇದು ವ್ಯಾಕ್ಸ್. ಎರಡರಲ್ಲೂ ಕಪ್ಪು ಗೆರೆ, ಜೊತೆಗೆ ಕಲ್ಲು ತರಚಿದ ಗೀರು. ವ್ಯಾಕ್ಸ್ ಜಾಗಕ್ಕೆ ಸ್ವಲ್ಪ ಕಾಂಪೌಂಡ್, ಮೇಲೊಂದು ಕೈ ವ್ಯಾಕ್ಸ್, ಹತ್ತು ನಿಮಿಷ. ಸೆರಾಮಿಕ್ ಜಾಗಕ್ಕೆ ಪಾಲಿಶ್, ಆಲ್ಕೊಹಾಲ್, ಇಬ್ಬನಿ ಬೀಳದ ಹೊತ್ತು, ಟಾರ್ಪಾಲು, ಒಂದು ವಾರ ದೋಣಿ ಇಳಿಸಬಾರದು. ಇಂಥ ಗೀರು ತಿಂಗಳಿಗೆ ಎರಡಾದರೂ ಬೀಳುತ್ತದೆ.

ಹಾಗಾಗಿ ಮಗ್ಗುಲುಗಳಿಗೆ ವ್ಯಾಕ್ಸ್, ಆರು ವಾರಕ್ಕೊಮ್ಮೆ. ಮುಂಭಾಗದ ಮುಚ್ಚಿಗೆ ಮತ್ತು ಕೂರುವ ಹಲಗೆಗೆ ಸೆರಾಮಿಕ್. ಅಲ್ಲಿ ಏನೂ ಉಜ್ಜುವುದಿಲ್ಲ, ಬಿಸಿಲು ನೆತ್ತಿಯಿಂದ ನೇರ ಬೀಳುತ್ತದೆ, ಬೂತಾಯಿ ಮೀನು ತುಂಡರಿಸಿದ ಎಣ್ಣೆ, ರಕ್ತ ಎಲ್ಲ ಅಲ್ಲೇ. ಕಾಲಿಡುವ ತಳಕ್ಕೆ ಮಾತ್ರ ಎರಡೂ ಬೇಡ. ಮಗಳು ಪ್ರೀತಿಯಿಂದ ಅಲ್ಲೂ ವ್ಯಾಕ್ಸ್ ಹಚ್ಚಿದ್ದಳು, ನಾನು ಜಾರಿ ಬಕೆಟ್ ಸಮೇತ ಕೂತುಬಿಟ್ಟೆ. ನೀರಿನ ಗೆರೆಯ ಕೆಳಗೂ ಏನೂ ಹಚ್ಚಿಲ್ಲ. ಪ್ರತಿ ಸಲ ದಡಕ್ಕೆ ಎಳೆಯುವುದರಿಂದ ಚಿಪ್ಪು ಹಿಡಿಯುವ ಕಾಟ ನಮಗಿಲ್ಲ. ವರ್ಷವಿಡೀ ನೀರಲ್ಲೇ ಇರುವ ದೋಣಿಗೆ ಅಲ್ಲಿ ಬೇಕಾದದ್ದು ಬೇರೆಯೇ ಪೇಂಟ್.

ಫೆಬ್ರವರಿ 15

ಮುಂಭಾಗದ ಮುಚ್ಚಿಗೆಗೆ ಹಚ್ಚೋಣ ಅಂತ ಸೆರಾಮಿಕ್ ಬಾಟಲಿ ತೆಗೆದರೆ ಅಲ್ಲಾಡಿಸಿದರೂ ಸದ್ದಿಲ್ಲ. ನವೆಂಬರಿನಲ್ಲಿ ಮುಚ್ಚಳ ಸರಿಯಾಗಿ ತಿರುಗಿಸಿರಲಿಲ್ಲ ಅನ್ನಿಸುತ್ತೆ. ಗಾಳಿಯ ತೇವ ಒಳಗೆ ಹೋಗಿ, ಉಳಿದ ಹದಿನೈದು ಎಂಎಲ್ ಬಾಟಲಿಯೊಳಗೇ ಕಲ್ಲಾಗಿದೆ. ವ್ಯಾಕ್ಸ್ ಡಬ್ಬಿ ಶೆಡ್ಡಿನ ಸೆಕೆಗೆ ಸ್ವಲ್ಪ ಮೆತ್ತಗಾಗಿತ್ತು, ಅಷ್ಟೇ. ಮುಚ್ಚಿಗೆಗೂ ಸದ್ಯಕ್ಕೆ ಅದನ್ನೇ ಹಚ್ಚಿ, ಹನ್ನೊಂದು ಗಂಟೆಯ ಭರತಕ್ಕೆ, ಅಂದರೆ ನೀರೇರುವ ಹೊತ್ತಿಗೆ, ದೋಣಿ ಇಳಿಸಿದೆವು.