ಹುಟ್ಟಿದ ತಾರೀಕು

ಇವತ್ತು ವ್ಯಾನಿನ ಇನ್ಶೂರೆನ್ಸ್‌ಗೆ ನಮ್ಮ ಹುಡುಗನ ಹೆಸರು ಸೇರಿಸೋಣ ಅಂತ ಕೂತೆ. ಇಲ್ಲೇ ಇಂಗ್ಲೆಂಡಿನ ಲೆಸ್ಟರ್‌ನವನು, ನನ್ನ ಹತ್ತಿರ ವೈರಿಂಗ್ ಕಲಿಯುತ್ತಿದ್ದಾನೆ. ವಯಸ್ಸು 19.

ಹುಟ್ಟಿದ ತಾರೀಕು ತುಂಬಿದೆ. 900 ಪೌಂಡ್ ಇದ್ದದ್ದು 3,100 ಆಯಿತು.

ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದೆ. 3,100ಯೇ. ಅದರೊಳಗೆ ಸರ್ಕಾರದ 12% ತೆರಿಗೆ ಬೇರೆ.

ಸುಮ್ನೆ ಕುತೂಹಲಕ್ಕೆ ಇಸವಿ ಬದಲಿಸಿ 30 ವರ್ಷದವನು ಅಂತ ಹಾಕಿದೆ. ದರ ಜರ್ರಂತ ಇಳಿಯಿತು. (ನೋಡಿದ್ದಷ್ಟೇ ಕಣ್ರೀ, ಕಳಿಸಲಿಲ್ಲ.) ವ್ಯಾನ್ ಅದೇ, ಮೇಲಿನ ಏಣಿ ಅದೇ, ರಸ್ತೆಯೂ ಅದೇ.

ದಾವಣಗೆರೆಯಲ್ಲಿ ತಮ್ಮನ ಗೂಡ್ಸ್ ಗಾಡಿಗೆ ಥರ್ಡ್ ಪಾರ್ಟಿ ಕಂತು ನಿಲ್ಲುವುದು ಗಾಡಿಯ ತೂಕದ ಮೇಲೆ. ಓಡಿಸುವವನ ವಯಸ್ಸಿನ ಮೇಲಲ್ಲ. ಇಲ್ಲಿ 17ಕ್ಕೇ ಲೈಸೆನ್ಸ್ ಕೊಡುತ್ತಾರೆ, ಆಮೇಲೆ ಇನ್ಶೂರೆನ್ಸ್‌ನವರು ಹೆದರಿಸುತ್ತಾರೆ.

ಹುಡುಗರು ಜಾಸ್ತಿ ಗುದ್ದುತ್ತಾರೆ ಅನ್ನುವುದು ಸುಳ್ಳಲ್ಲ. ಆ ವಯಸ್ಸಿನಲ್ಲಿ ನಾನೂ ಲೂನಾ ಸಮೇತ ಚರಂಡಿಗೆ ಬಿದ್ದವನೇ. ಆದರೆ ಓಡಿಸದೆ ಕೈ ಪಳಗುವುದು ಹೇಗೆ, ಅಲ್ವಾ?

ಸದ್ಯಕ್ಕೆ ಅವನಿಗೆ ಪಕ್ಕದ ಸೀಟು. ನಾಳೆ ಬೆಳಿಗ್ಗೆ ಆರೂವರೆಗೆ ಅವನ ಮನೆ ಮುಂದೆ ನಾನೇ ಕಾಯಬೇಕು. ಓನರೂ ನಾನೇ, ಡ್ರೈವರೂ ನಾನೇ.