ಭಿನ್ನಕದ ಘನಫಲ ಮತ್ತು ಎರಡು ಸರಾಸರಿಗಳು

ಶಂಕುವನ್ನಾಗಲಿ ಪಿರಮಿಡ್ಡನ್ನಾಗಲಿ ಅದರ ಪಾದಕ್ಕೆ ಸಮಾಂತರವಾದ ಸಮತಲದಿಂದ ಕತ್ತರಿಸಿ, ತುದಿಯ ಭಾಗವನ್ನು ತೆಗೆದುಹಾಕಿದರೆ ಉಳಿಯುವ ಘನಾಕೃತಿಗೆ ನಮ್ಮ ಗಣಿತ ಪಠ್ಯಗಳು ಭಿನ್ನಕ ಎಂದು ಹೆಸರಿಟ್ಟಿವೆ. ಇಲ್ಲಿ ‘ಸಮಾಂತರ’ ಎಂಬ ಷರತ್ತು ಮುಖ್ಯ. ಓರೆಯಾಗಿ ಕತ್ತರಿಸಿದ ಶಂಕುವಿನ ಎರಡು ಮುಖಗಳು ಒಂದೇ ಆಕಾರದಲ್ಲಿರುವುದಿಲ್ಲ, ಆದ್ದರಿಂದ ಭಿನ್ನಕದ ಸೂತ್ರಗಳು ಅದಕ್ಕೆ ಒಗ್ಗುವುದಿಲ್ಲ.

ಬಕೆಟ್ಟು, ಲೋಟ, ದೀಪದ ಮುಸುಕು ಮುಂತಾದವು ಈ ಆಕೃತಿಯ ಪರಿಚಿತ ಉದಾಹರಣೆಗಳು. ಒಂದರೊಳಗೊಂದು ಸೇರಿಸಿ ಇಡಲು ಬರುವುದು ಇವುಗಳ ಅನುಕೂಲ, ಆದರೆ ಅಳತೆಯಲ್ಲಿ ಇವು ಕಣ್ಣಿಗೆ ಮೋಸ ಮಾಡುತ್ತವೆ. ಬಾಯಿಯ ತ್ರಿಜ್ಯವು ತಳದ ತ್ರಿಜ್ಯದ ಎರಡರಷ್ಟಿರುವ ಬಕೆಟ್ಟಿನಲ್ಲಿ ಅರ್ಧ ಎತ್ತರದವರೆಗೆ ನೀರು ತುಂಬಿದರೆ, ಅದು ಒಟ್ಟು ಹಿಡಿಯುವ ನೀರಿನ 56 ಪಾಲುಗಳಲ್ಲಿ 19 ಪಾಲು ಮಾತ್ರ, ಅಂದರೆ ಮೂರನೇ ಒಂದಕ್ಕಿಂತ ತುಸು ಹೆಚ್ಚು.

ಎರಡೂ ಮುಖಗಳ ವಿಸ್ತೀರ್ಣ ಮತ್ತು ಆ ವಿಸ್ತೀರ್ಣಗಳ ಗುಣಲಬ್ಧದ ವರ್ಗಮೂಲ, ಈ ಮೂರನ್ನು ಕೂಡಿಸಿ ಎತ್ತರದ ಮೂರನೇ ಒಂದು ಭಾಗದಿಂದ ಗುಣಿಸಿದರೆ ಘನಫಲ ಸಿಗುತ್ತದೆ. ಸುಮಾರು ಕ್ರಿ.ಪೂ. 1850ರದೆಂದು ಗಣಿಸಲಾಗುವ ಈಜಿಪ್ಟಿನ ಗಣಿತದ ಸುರುಳಿಯಾದ ಮಾಸ್ಕೋ ಪಪೈರಸ್ಸಿನ 14ನೆಯ ಲೆಕ್ಕ ಇದೇ ಆಗಿದೆ: ಎತ್ತರ 6, ಚೌಕಾಕಾರದ ತಳದ ಬದಿ 4, ಮೇಲಿನ ಬದಿ 2. ಅಲ್ಲಿ 16, 8, 4 ಇವನ್ನು ಕೂಡಿಸಿ, ಬಂದ 28ನ್ನು 6ರ ಮೂರನೇ ಒಂದು ಭಾಗವಾದ 2ರಿಂದ ಗುಣಿಸಿ, 56 ಎಂಬ ಸರಿಯಾದ ಉತ್ತರ ಪಡೆಯಲಾಗಿದೆ. ಪೂರ್ಣ ಪಿರಮಿಡ್ಡಿನ 64ರಿಂದ ಕತ್ತರಿಸಿದ ತುದಿಯ 8ನ್ನು ಕಳೆದರೂ ಇದೇ ಉತ್ತರ ಬರುತ್ತದೆ, ಆದರೆ ಸೂತ್ರ ಹೇಗೆ ದಕ್ಕಿತೆಂಬುದನ್ನು ಪಪೈರಸ್ಸು ಹೇಳುವುದಿಲ್ಲ.

ನನಗೆ ಇದಕ್ಕಿಂತ ಹೆಚ್ಚು ಮೆಚ್ಚುಗೆಯಾಗುವುದು ಬ್ರಹ್ಮಗುಪ್ತನ ದಾರಿ. 628ರಲ್ಲಿ ರಚಿಸಿದ ಬ್ರಾಹ್ಮಸ್ಫುಟಸಿದ್ಧಾಂತದಲ್ಲಿ ಅವನು, ಬಾಯಿ ಮತ್ತು ತಳ ಬೇರೆಬೇರೆ ಅಳತೆಯದಾಗಿರುವ ಹೊಂಡದ ಘನಫಲಕ್ಕೆ ಮೊದಲು ಎರಡು ಅಂದಾಜುಗಳನ್ನು ಕೊಡುತ್ತಾನೆ. ಬದಿಗಳ ಸರಾಸರಿಯ ವರ್ಗವನ್ನು ಆಳದಿಂದ ಗುಣಿಸಿದ್ದು ವ್ಯಾವಹಾರಿಕ. ಎರಡು ವಿಸ್ತೀರ್ಣಗಳ ಸರಾಸರಿಯನ್ನು ಆಳದಿಂದ ಗುಣಿಸಿದ್ದು ಔತ್ರ. ಇವೆರಡರ ವ್ಯತ್ಯಾಸದ ಮೂರನೇ ಒಂದು ಭಾಗವನ್ನು ವ್ಯಾವಹಾರಿಕಕ್ಕೆ ಕೂಡಿಸಿದರೆ ಸೂಕ್ಷ್ಮ, ಅಂದರೆ ನಿಖರವಾದ ಬೆಲೆ ದೊರೆಯುತ್ತದೆ. ಈಜಿಪ್ಟಿನ ಅಂಕಿಗಳನ್ನೇ ಹಾಕಿ ನೋಡಿದರೆ ಮೊದಲನೆಯದು 54, ಎರಡನೆಯದು 60, ವ್ಯತ್ಯಾಸದ ಮೂರನೇ ಒಂದು 2, ಉತ್ತರ ಮತ್ತೆ 56. ಬದಿಗಳ ಸರಾಸರಿ ಯಾವಾಗಲೂ ಕಡಿಮೆ ತೋರಿಸುತ್ತದೆ, ವಿಸ್ತೀರ್ಣಗಳ ಸರಾಸರಿ ಯಾವಾಗಲೂ ಹೆಚ್ಚು ತೋರಿಸುತ್ತದೆ, ಎರಡನೆಯದರ ತಪ್ಪು ಮೊದಲನೆಯದರ ಸರಿಯಾಗಿ ಎರಡರಷ್ಟು. ಆ ‘ಮೂರನೇ ಒಂದು’ ಹುಟ್ಟಿದ್ದು ಈ ಅನುಪಾತದಿಂದಲೇ. ಸೂತ್ರವನ್ನು ಬಾಯಿಪಾಠ ಮಾಡಿಸುವ ಬದಲು ಈ ಎರಡು ಅಂದಾಜುಗಳಿಂದ ಪಾಠ ಆರಂಭಿಸಿದರೆ ವಿದ್ಯಾರ್ಥಿಗೆ ಹೆಚ್ಚು ಲಾಭವೆಂದು ನನ್ನ ಅಭಿಪ್ರಾಯ.

ರಸ್ತೆ ಅಥವಾ ರೈಲು ಮಾರ್ಗಕ್ಕೆ ಮಣ್ಣು ಅಗೆಯುವ, ತುಂಬುವ ಲೆಕ್ಕದಲ್ಲಿ ಎಂಜಿನಿಯರುಗಳು ಇಂದಿಗೂ ಎರಡು ತುದಿಗಳ ವಿಸ್ತೀರ್ಣದ ಸರಾಸರಿಯನ್ನೇ ಬಳಸುವುದುಂಟು. ಹೆಚ್ಚಿನ ನಿಖರತೆ ಬೇಕಾದಾಗ ನಡುವಿನ ವಿಸ್ತೀರ್ಣದ ನಾಲ್ಕರಷ್ಟನ್ನು ತುದಿಯ ಎರಡು ವಿಸ್ತೀರ್ಣಗಳಿಗೆ ಕೂಡಿಸಿ, ಆರರಿಂದ ಭಾಗಿಸಿ, ಉದ್ದದಿಂದ ಗುಣಿಸುತ್ತಾರೆ. ಭಿನ್ನಕದ ಮಟ್ಟಿಗೆ ಇದು ಬ್ರಹ್ಮಗುಪ್ತನ ನಿಯಮದ ಇನ್ನೊಂದು ರೂಪ.

ಕಂಪ್ಯೂಟರ್ ಗ್ರಾಫಿಕ್ಸ್‌ನವರ ಬಾಯಲ್ಲಿ ಈ ಆಕೃತಿ ಅದರ ಇಂಗ್ಲಿಷ್ ಹೆಸರಾದ ಫ್ರಸ್ಟಮ್ ಆಗಿಯೇ ಉಳಿದಿದೆ. ಕ್ಯಾಮೆರಾದ ಕಣ್ಣನ್ನು ತುದಿಯಾಗಿಟ್ಟುಕೊಂಡ ಪಿರಮಿಡ್ಡನ್ನು ಹತ್ತಿರದ ಮತ್ತು ದೂರದ ಎರಡು ಸಮತಲಗಳಿಂದ ಕತ್ತರಿಸಿದಾಗ ಸಿಗುವ ಭಿನ್ನಕದೊಳಗೆ ಬಿದ್ದ ವಸ್ತುಗಳನ್ನಷ್ಟೇ ಚಿತ್ರಿಸಿ, ಪೂರ್ತಿ ಹೊರಗಿರುವವನ್ನು ಮೊದಲೇ ಬಿಟ್ಟುಬಿಡುವುದರಿಂದ ಕೆಲಸ ಹಗುರವಾಗುತ್ತದೆ. ಹತ್ತಿರದ ಸಮತಲವನ್ನು ಕಣ್ಣಿಗೇ ತಾಗಿಸಿ ಪೂರ್ಣ ಪಿರಮಿಡ್ಡನ್ನು ಇಟ್ಟುಕೊಳ್ಳಲು ಇಲ್ಲಿ ಬರುವುದಿಲ್ಲ, ಏಕೆಂದರೆ ಪರದೆಯ ಮೇಲಿನ ಸ್ಥಾನವನ್ನು ಕಂಡುಹಿಡಿಯಲು ದೂರದಿಂದ ಭಾಗಿಸಬೇಕಾಗುತ್ತದೆ, ಕಣ್ಣಿರುವ ಜಾಗದಲ್ಲಿ ಆ ದೂರ ಸೊನ್ನೆಯಾಗಿರುತ್ತದೆ.